ಸಂದರ್ಶನಕ್ಕೆ ಕರೆ ಬರುವುದು ಯಾರಿಗೆ?

‘ಬೇಕಾಗಿದ್ದಾರೆ’ ಎಂಬ ಜಾಹೀರಾತುಗಳಿಗೆ ಇನ್ನೂ ದಿನಪತ್ರಿಕೆಗಳೇ ಜಾಗವಾಗಿದ್ದ ಕಾಲವದು. 2005ರ ಅಕ್ಟೋಬರ್‌ನಲ್ಲಿ ಸಂಶೋಧಕರ ತಂಡವೊಂದು ಇಂಗ್ಲಿಷ್ ಪತ್ರಿಕೆಗಳ ಜಾಹೀರಾತು ನೋಡಿ ಖಾಸಗಿ ಕಂಪನಿಗಳಿಗೆ ಅರ್ಜಿ ಕಳಿಸಲು ಶುರು ಮಾಡಿತು. ಬೆಂಗಳೂರಿನ ಡೆಕ್ಕನ್ ಹೆರಾಲ್ಡ್ ಕೂಡ ಆ ಪತ್ರಿಕೆಗಳಲ್ಲಿ ಒಂದು. ಒಟ್ಟು 66 ವಾರ, 548 ಜಾಹೀರಾತು, 4,808 ಅರ್ಜಿ. ಆದರೆ ಅರ್ಜಿ ಹಾಕಿದವರು ಯಾರೂ ನಿಜವಾಗಿ ಇರಲಿಲ್ಲ.

ಒಂದೊಂದು ಬಗೆಯ ಹುದ್ದೆಗೂ ಸರಿಸಮವಾದ ಮೂರು ಮೂರು ಅರ್ಜಿಗಳ ಗುಂಪು ತಯಾರಾಗುತ್ತಿತ್ತು. ಮೂವರೂ ಆಗಷ್ಟೇ ಓದು ಮುಗಿಸಿದ ಹುಡುಗರು. ಒಂದೇ ಮಟ್ಟದ ಪದವಿ, ಒಂದೇ ಮಟ್ಟದ ಅನುಭವ. ಬೇರೆಯಾಗಿದ್ದದ್ದು ಹೆಸರು ಮಾತ್ರ. ಒಬ್ಬನ ಹೆಸರು ಕೇಳಿದರೆ ಮೇಲ್ಜಾತಿಯವನು ಅನಿಸಬೇಕು, ಇನ್ನೊಬ್ಬನದು ದಲಿತ ಹೆಸರು, ಮತ್ತೊಬ್ಬನದು ಮುಸ್ಲಿಂ ಹೆಸರು. ಜಾತಿ ಧರ್ಮಗಳ ಬಗ್ಗೆ ಅರ್ಜಿಯಲ್ಲಿ ಬೇರೆ ಒಂದಕ್ಷರವೂ ಇರಲಿಲ್ಲ. ಸಂದರ್ಶನಕ್ಕೋ ಪರೀಕ್ಷೆಗೋ ಕರೆ ಯಾರಿಗೆ ಬರುತ್ತದೆ ಎಂದು ತಂಡ ಲೆಕ್ಕ ಇಟ್ಟಿತು.

ಮೇಲ್ಜಾತಿ ಹೆಸರಿಗೆ ಕರೆ ಬರುವ ಸಾಧ್ಯತೆಯನ್ನು ಒಂದು ಎಂದು ಇಟ್ಟುಕೊಂಡರೆ ದಲಿತ ಹೆಸರಿಗೆ ಅದು 0.67, ಮುಸ್ಲಿಂ ಹೆಸರಿಗೆ 0.33. ಅರ್ಥಶಾಸ್ತ್ರಜ್ಞ ಸುಖದೇವ್ ಥೋರಟ್ ಮತ್ತು ನ್ಯೂಯಾರ್ಕ್‌ನ ಸಿಟಿ ಯೂನಿವರ್ಸಿಟಿಯ ಪಾಲ್ ಅಟ್ವೆಲ್ 2007ರಲ್ಲಿ ಇದನ್ನು ಪ್ರಕಟಿಸಿದರು. ‘ಖಾಸಗಿ ಕಂಪನಿಗಳಲ್ಲಿ ಜಾತಿ ಯಾರು ನೋಡ್ತಾರೆ, ಪ್ರತಿಭೆ ಇದ್ದರೆ ಸಾಕು’ ಎನ್ನುತ್ತಿದ್ದವರ ಮುಂದೆ ಮೊದಲ ಬಾರಿಗೆ ಗಟ್ಟಿ ಅಂಕಿ ಅಂಶ ಬಂದು ನಿಂತಿತು.

ಇಷ್ಟು ತಡವಾಗಿ ಯಾಕೆ ಬಂತು? ಸರ್ಕಾರಿ ನೌಕರಿಯ ಲೆಕ್ಕ ನಮ್ಮಲ್ಲಿ ನೂರು ವರ್ಷಕ್ಕೂ ಹಳೆಯದು. 1917ರಲ್ಲಿ ಮೈಸೂರಿನಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಸರ್ಕಾರಿ ಹುದ್ದೆಗಳೆಲ್ಲ ಒಂದೇ ಸಮುದಾಯದ ಪಾಲಾಗುತ್ತಿವೆ ಎಂದು ಅದರ ಮುಖಂಡರು ನಾಲ್ವಡಿ ಕೃಷ್ಣರಾಜ ಒಡೆಯರ ಬಳಿ ದೂರಿಕೊಂಡರು. ಮಹಾರಾಜರು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಕನಿಷ್ಠ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಭಾಗ ಬ್ರಾಹ್ಮಣೇತರರಿಗೆ ಸಿಗಬೇಕು ಎಂದು ಸಮಿತಿ ಹೇಳಿತು. ದಿವಾನ್ ವಿಶ್ವೇಶ್ವರಯ್ಯನವರಿಗೆ ಈ ದಾರಿ ಒಪ್ಪಿಗೆಯಾಗಲಿಲ್ಲ. ಆಡಳಿತದ ದಕ್ಷತೆ ಕುಗ್ಗುತ್ತದೆ ಎಂಬುದು ಅವರ ವಾದ. 1918ರಲ್ಲೇ ಅವರು ಹುದ್ದೆ ಬಿಟ್ಟರು. ಆಮೇಲೆ ಹಿಂದುಳಿದ ವರ್ಗಗಳಿಗಾಗಿ ದೇವರಾಜ ಅರಸರ ಕಾಲದ ಹಾವನೂರು ಆಯೋಗ ಬಂತು, 1975ರಲ್ಲಿ ಅದರ ವರದಿಯೂ ಬಂತು.

ಈ ಎಲ್ಲ ಜಗಳ ನಡೆದದ್ದು ಸರ್ಕಾರಿ ಬಾಗಿಲಿನ ಮುಂದೆ. ಅಲ್ಲಿ ಹುದ್ದೆ ಎಷ್ಟು, ಕೂತವರು ಯಾರು ಎಂದು ಎಣಿಸಬಹುದಿತ್ತು. 1991ರ ಆರ್ಥಿಕ ಉದಾರೀಕರಣದ ನಂತರ ಒಳ್ಳೆಯ ಕೆಲಸಗಳು ಖಾಸಗಿ ಕಡೆಗೆ ಹೊರಟವು. ಸಾಫ್ಟ್‌ವೇರ್, ಬ್ಯಾಂಕಿಂಗ್, ಔಷಧ, ಸೇಲ್ಸ್. ಅಲ್ಲಿ ಎಣಿಸುವವರೇ ಇರಲಿಲ್ಲ. ಆ ಕೆಲಸವನ್ನು ವಿಶ್ವವಿದ್ಯಾಲಯಗಳೇ ಕೈಗೆತ್ತಿಕೊಳ್ಳಬೇಕಾಯಿತು.

ವಿಧಾನ ಮಾತ್ರ ಹೊರಗಿನಿಂದ ಬಂದದ್ದು. 1960ರ ದಶಕದಲ್ಲಿ ಬ್ರಿಟನ್ನಿನ ಒಂದು ಸಂಶೋಧನಾ ಸಂಸ್ಥೆ ಒಂದೇ ಅರ್ಹತೆ ಹೇಳಿಕೊಳ್ಳುವ ಒಬ್ಬ ಇಂಗ್ಲಿಷ್, ಒಬ್ಬ ಹಂಗೇರಿಯನ್, ಒಬ್ಬ ಕೆರಿಬಿಯನ್ ಮೂಲದವರನ್ನು ಕೆಲಸ ಕೇಳಲು ಕಳಿಸಿತು. ಹಂಗೇರಿಯವನೂ ಪರದೇಶಿಯೇ, ಆದರೆ ಬಿಳಿಯ. ತಡೆ ಇರುವುದು ವಿದೇಶಿತನಕ್ಕೋ ಚರ್ಮದ ಬಣ್ಣಕ್ಕೋ ಎಂಬುದು ಇದರಿಂದಲೇ ಗೊತ್ತಾಯಿತು. 1968ರಲ್ಲಿ ಬ್ರಿಟನ್ನಿನ ಜನಾಂಗ ಸಂಬಂಧಗಳ ಕಾನೂನು ಉದ್ಯೋಗಕ್ಕೂ ವಿಸ್ತರಿಸಿತು. 2004ರಲ್ಲಿ ಅರ್ಥಶಾಸ್ತ್ರಜ್ಞರಾದ ಮರಿಯಾನ್ ಬರ್ಟ್ರಾಂಡ್ ಮತ್ತು ಸೆಂಧಿಲ್ ಮುಲ್ಲೈನಾಥನ್ ಅಮೆರಿಕದ ಬಾಸ್ಟನ್ ಮತ್ತು ಶಿಕಾಗೋದಲ್ಲಿ ಮಾಡಿದ ಇಂಥದೇ ಪ್ರಯೋಗ ಪ್ರಕಟಿಸಿದರು. ಸುಮಾರು 5,000 ಅರ್ಜಿ. ಬಿಳಿಯರ ಹೆಸರಿಗೆ ಕರಿಯರ ಹೆಸರಿಗಿಂತ ಶೇ 50ರಷ್ಟು ಜಾಸ್ತಿ ಕರೆ ಬಂದಿತ್ತು.

ಕರೆ ಬಂದ ಮೇಲಾದರೂ ಎಲ್ಲ ಸರಿಹೋಗುತ್ತದಾ? ಥೋರಟ್ ಅಧ್ಯಯನದ ಜೊತೆಗೇ ಸಮಾಜಶಾಸ್ತ್ರಜ್ಞರಾದ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ದೊಡ್ಡ ಕಂಪನಿಗಳ 25 ಎಚ್‌ಆರ್ ಮ್ಯಾನೇಜರ್‌ಗಳನ್ನು ಮಾತನಾಡಿಸಿದರು. ಎಲ್ಲರ ಬಾಯಲ್ಲೂ ಪ್ರತಿಭೆಯದೇ ಜಪ. ಆದರೆ ಅಭ್ಯರ್ಥಿಯ ಮನೆತನದ ಹಿನ್ನೆಲೆ ಕೇಳುವುದು ಬಹಳ ಜನರ ರೂಢಿ. ಈ ಪ್ರಶ್ನೆ ನಮಗೂ ಗೊತ್ತಿರುವುದೇ: ‘ಯಾವ ಊರು? ತಂದೆ ಏನ್ ಮಾಡ್ತಾರೆ?’ ಡಾಕ್ಟರ ಮಗ ಇದಕ್ಕೆ ಸಲೀಸಾಗಿ ಉತ್ತರ ಕೊಡುತ್ತಾನೆ. ಕೂಲಿ ಮಾಡುವವರ ಮಗಳಿಗೆ ಅದೇ ಪ್ರಶ್ನೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಕೇಳಿದವರಿಗೆ ಕೆಟ್ಟ ಉದ್ದೇಶ ಇಲ್ಲದಿರಬಹುದು. ಆದರೂ ಕೆಲಸಕ್ಕೆ ಸಂಬಂಧವೇ ಇಲ್ಲದ ಆ ಒಂದು ಪ್ರಶ್ನೆ ತಕ್ಕಡಿಯನ್ನು ವಾಲಿಸಿಬಿಡುತ್ತದೆ.

ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳಿಲ್ಲ. ಅಭಿಜಿತ್ ಬ್ಯಾನರ್ಜಿ ಮತ್ತಿತರರು ದೆಹಲಿ ಸುತ್ತಮುತ್ತಲ 371 ಹುದ್ದೆಗಳಿಗೆ 3,160 ಅರ್ಜಿ ಕಳಿಸಿದರು. 2009ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಸಾಫ್ಟ್‌ವೇರ್ ಕೆಲಸಗಳಲ್ಲಿ ಜಾತಿ ತಾರತಮ್ಯ ಕಾಣಲಿಲ್ಲ. ಕಾಲ್ ಸೆಂಟರ್‌ಗಳಲ್ಲಿ ಹಿಂದುಳಿದ ವರ್ಗದ ಹೆಸರುಗಳಿಗೆ ಕರೆ ಕಡಿಮೆ ಇತ್ತು. ಮುಸ್ಲಿಮರ ವಿಷಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಂತ ಸಾಫ್ಟ್‌ವೇರ್ ಕ್ಷೇತ್ರ ಎಲ್ಲರಿಗೂ ತೆರೆದಿದೆ ಎನ್ನಲು ಆಗುವುದಿಲ್ಲ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಕ್ಯಾರೋಲ್ ಉಪಾಧ್ಯ ಮತ್ತು ಎ.ಆರ್. ವಾಸವಿ ಅದೇ ಹೊತ್ತಿಗೆ ಐಟಿ ನೌಕರರ ನಡುವೆ ಅಧ್ಯಯನ ಮಾಡಿದ್ದರು. ಅಲ್ಲಿ ಇದ್ದವರು ಬಹುಪಾಲು ನಗರದ, ಮಧ್ಯಮ ವರ್ಗದ, ಮೇಲ್ಜಾತಿಯ ಮಕ್ಕಳು. ಇಂಗ್ಲಿಷ್ ಶಾಲೆ, ಹೆಸರುವಾಸಿ ಎಂಜಿನಿಯರಿಂಗ್ ಕಾಲೇಜು, ಮಾತಿನ ಧಾಟಿ. ಜರಡಿ ಹಿಡಿಯುವುದು ಅರ್ಜಿ ಹಾಕುವುದಕ್ಕೂ ಎಷ್ಟೋ ಮೊದಲೇ ಮುಗಿದಿರುತ್ತದೆ. ನನ್ನ ಮಟ್ಟಿಗೆ ಇದೇ ಹೆಚ್ಚು ಕಾಡುವ ವಿಷಯ, ಯಾಕೆಂದರೆ ಇದಕ್ಕೆ ಯಾವ ಒಬ್ಬ ಮ್ಯಾನೇಜರ್‌ನನ್ನೂ ದೂರುವ ಹಾಗಿಲ್ಲ.

2018ರಿಂದ ಈ ಲೆಕ್ಕವನ್ನು ಬೆಂಗಳೂರಿನಲ್ಲೇ ಕೂತು ಬಿಡದೆ ಮಾಡುತ್ತಿರುವುದು ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ. ಅಮಿತ್ ಬಸೋಲೆ ಮತ್ತು ಸಂಗಡಿಗರ ‘ಸ್ಟೇಟ್ ಆಫ್ ವರ್ಕಿಂಗ್ ಇಂಡಿಯಾ’ ವರದಿಗಳು ಎಲ್ಲರಿಗೂ ಮುಕ್ತವಾಗಿ ಸಿಗುತ್ತವೆ. 2019ರ ವರದಿಯ ಜೊತೆ ನಗರಗಳಿಗೂ ಉದ್ಯೋಗ ಖಾತ್ರಿ ಬೇಕು ಎಂಬ ಪ್ರಸ್ತಾವವನ್ನೂ ಅವರು ಮುಂದಿಟ್ಟರು. 2020ರ ಆರಂಭದಲ್ಲಿ ಐಐಎಂ ಬೆಂಗಳೂರು ಮತ್ತಿತರರ ಜೊತೆ ಸೇರಿ ಕರ್ನಾಟಕ ಮತ್ತು ರಾಜಸ್ಥಾನದಲ್ಲಿ ಮನೆಮನೆ ಸಮೀಕ್ಷೆಗೆ ಇಳಿದಿದ್ದರು. ಲಾಕ್‌ಡೌನ್ ಬಂದು ಅದು ಅರ್ಧಕ್ಕೆ ನಿಂತಿತು.

2023ರ ವರದಿಯ ಒಂದು ಅಂಕಿಯನ್ನು ನಿಧಾನವಾಗಿ ಓದಬೇಕು. 2004ರಲ್ಲಿ ದಿನಗೂಲಿಯವರ ಗಂಡುಮಕ್ಕಳಲ್ಲಿ ಹೆಚ್ಚಿನವರು ದಿನಗೂಲಿಗಳೇ. ಪರಿಶಿಷ್ಟ ಜಾತಿ, ಪಂಗಡಗಳಲ್ಲಿ ಶೇ 86, ಉಳಿದವರಲ್ಲಿ ಶೇ 83. ಹೆಚ್ಚುಕಡಿಮೆ ಒಂದೇ. 2018ರ ಹೊತ್ತಿಗೆ ಉಳಿದವರಲ್ಲಿ ಇದು ಶೇ 53ಕ್ಕೆ ಇಳಿಯಿತು. ಪರಿಶಿಷ್ಟರಲ್ಲಿ ಇಳಿದದ್ದು ಶೇ 76ಕ್ಕೆ ಮಾತ್ರ. ಇಬ್ಬರ ಅಪ್ಪಂದಿರೂ ಕೂಲಿಯವರೇ. ಬೆಳವಣಿಗೆಯ ಆ ವರ್ಷಗಳಲ್ಲಿ ಒಬ್ಬನ ಮಗನಿಗೆ ತಿಂಗಳ ಸಂಬಳದ ಕಡೆಗೆ ದಾರಿ ತೆರೆಯಿತು, ಇನ್ನೊಬ್ಬನ ಮಗನಿಗೆ ಅಷ್ಟು ತೆರೆಯಲಿಲ್ಲ.

ಹೀಗಿರುವಾಗ ‘ತರಬೇತಿ ಕೊಟ್ಟರೆ ಸಾಕು’ ಎನ್ನುವವರೂ ಇದ್ದಾರೆ. ತರಬೇತಿ ಬೇಕು, ನಿಜ. ಬೆಂಗಳೂರಿನ ಐದು ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ್ ನೈಷಧಂ ಇದನ್ನೇ ಪರೀಕ್ಷಿಸಿದರು. ಹೆಣ್ಣುಮಕ್ಕಳಲ್ಲಿ ಕೆಲವರನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಧೈರ್ಯವಾಗಿ ಮಾತನಾಡುವುದು, ಸಮಯ ಮತ್ತು ದುಡ್ಡು ನಿಭಾಯಿಸುವುದನ್ನು ಕಲಿಸಲಾಯಿತು. ತರಬೇತಿ ಮುಗಿದ ಮೇಲೆ ಅವರ ಉತ್ಪಾದಕತೆ ಉಳಿದವರಿಗಿಂತ ಶೇ 13.5 ಜಾಸ್ತಿ. ಸಂಬಳ ಏರಿದ್ದು ಶೇ 0.5 ಅಷ್ಟೇ. ತರಬೇತಿಗೆ ಹಾಕಿದ ದುಡ್ಡಿನ ಎರಡೂವರೆ ಪಟ್ಟು ಲಾಭ ಕಾರ್ಖಾನೆಗೆ ಬಂತು. ಕಲಿತವಳ ಕೈಗೆ ಬಂದದ್ದು ಇಷ್ಟು!

ಈಗ ಪ್ರಶ್ನೆ ವಿಶ್ವವಿದ್ಯಾಲಯಗಳ ಅಂಗಳಕ್ಕೇ ಬರುತ್ತದೆ. ಅವುಗಳ ಪ್ಲೇಸ್‌ಮೆಂಟ್ ಕಚೇರಿಗಳಲ್ಲಿ ಯಾವ ಕಂಪನಿ ಬಂತು, ಯಾರು ಪರೀಕ್ಷೆ ಬರೆದರು, ಯಾರಿಗೆ ಆಫರ್ ಸಿಕ್ಕಿತು ಎಂಬ ವಿವರ ಇದ್ದೇ ಇರುತ್ತದೆ. ಗೇಟಿನ ಫ್ಲೆಕ್ಸ್ ಮೇಲೆ ಬರುವುದು ಅತಿ ದೊಡ್ಡ ಪ್ಯಾಕೇಜ್ ಮಾತ್ರ. ಮನೆಯಲ್ಲಿ ಮೊದಲ ಬಾರಿ ಡಿಗ್ರಿ ಓದಿದವರಿಗೆ, ಕನ್ನಡ ಮಾಧ್ಯಮದಿಂದ ಬಂದವರಿಗೆ, ಪರಿಶಿಷ್ಟರಿಗೆ, ಮುಸ್ಲಿಮರಿಗೆ, ಹೆಣ್ಣುಮಕ್ಕಳಿಗೆ ಎಷ್ಟೆಷ್ಟು ಆಫರ್ ಬಂತು, ಎಷ್ಟು ಸಂಬಳಕ್ಕೆ? ಹೆಸರು ಬಿಟ್ಟು ಈ ಲೆಕ್ಕವನ್ನು ಪ್ರತಿ ವರ್ಷ ಪ್ರಕಟಿಸಲು ಹೊಸ ಕಾನೂನಿಗೆ ಕಾಯಬೇಕಿಲ್ಲ. ಕುಲಪತಿಗಳು ಮನಸ್ಸು ಮಾಡಿದರೆ ಮುಂದಿನ ಕ್ಯಾಂಪಸ್ ಸಂದರ್ಶನದಿಂದಲೇ ಶುರು ಮಾಡಬಹುದು.