ನೈನಿತಾಲ್ ಟಿಪ್ಪಣಿ: ಒಂದೇ ಸರೋವರಕ್ಕೆ ಮೇಲು ಕೆಳಗು ಹೇಗೆ?

ಪ್ರವಾಸಿ ಭೂಗೋಳದ ಪತ್ರಿಕೆಗಾಗಿ ನೈನಿತಾಲ್ ಓದಲು ಕುಳಿತಾಗ ನಾನು ಬಿಡಿಸಿದ ಮೊದಲ ನಕ್ಷೆಯಲ್ಲಿ ಮೂರು ಸರೋವರಗಳಿದ್ದವು. ನಡುವೆ ನೈನಿತಾಲ್, ಅದರ ಮೇಲಿನ ಗುಡ್ಡದಲ್ಲಿ ಮಲ್ಲಿತಾಲ್, ಕೆಳಗಿನ ಕಣಿವೆಯಲ್ಲಿ ತಲ್ಲಿತಾಲ್. ‘ತಾಲ್’ ಎಂದರೆ ಸರೋವರ ಎಂದು ಪಾಠದ ಆರಂಭದಲ್ಲೇ ಇದ್ದುದರಿಂದ ನನಗೆ ಅನುಮಾನವೂ ಬರಲಿಲ್ಲ. ವಾಸ್ತವದಲ್ಲಿ ಆ ಊರಿನಲ್ಲಿರುವುದು ಒಂದೇ ದೊಡ್ಡ ಸರೋವರ. ಉಳಿದೆರಡು ಅದರ ಎರಡು ತುದಿಗಳಲ್ಲಿ ಬೆಳೆದ ಪೇಟೆಗಳು. ಇದು ತಲೆಗೆ ಹತ್ತಲು ಎರಡು ದಿನ ಹಿಡಿದುದರಿಂದ, ಮತ್ತೆ ಗೋಜಲಾಗುವ ಮೊದಲೇ ಬರೆದಿಡುತ್ತಿದ್ದೇನೆ.

ಪರಿಚಯ

ನೈನಿತಾಲ್ ಉತ್ತರಾಖಂಡದ ಕುಮಾವೂಂ ಪ್ರದೇಶದಲ್ಲಿ, ಸಮುದ್ರಮಟ್ಟದಿಂದ ಸುಮಾರು 1,938 ಮೀಟರ್ ಎತ್ತರದಲ್ಲಿದೆ. ಶಿವನ ಪತ್ನಿ ಸತಿಯ ದೇಹದಿಂದ ಕಣ್ಣು (ನಯನ) ಕಳಚಿ ಬಿದ್ದ ಸ್ಥಳವಾದ್ದರಿಂದ ಈ ಹೆಸರು ಬಂದಿತೆಂಬುದು ಸ್ಥಳಪುರಾಣ. ಅತ್ರಿ, ಪುಲಸ್ತ್ಯ, ಪುಲಹ ಎಂಬ ಮೂವರು ಋಷಿಗಳು ಗುಂಡಿ ತೋಡಿ ಮಾನಸಸರೋವರದ ನೀರನ್ನು ತುಂಬಿಸಿದರೆಂಬ ಕಥೆಯಿಂದ ‘ತ್ರಿಋಷಿ ಸರೋವರ’ ಎಂಬ ಹೆಸರೂ ಇದೆ. 1841ರಲ್ಲಿ ಶಹಜಹಾನ್‌ಪುರದ ಸಕ್ಕರೆ ವ್ಯಾಪಾರಿ ಬ್ಯಾರನ್ ಇಲ್ಲಿಗೆ ಬಂದ ನಂತರ ಯುರೋಪಿಯನ್ನರ ವಸತಿ ಬೆಳೆಯಿತು; ಮುಂದೆ ಇದು ಬ್ರಿಟಿಷರ ಕಾಲದ ಸಂಯುಕ್ತ ಪ್ರಾಂತ್ಯಗಳ ಬೇಸಿಗೆ ರಾಜಧಾನಿಯಾಯಿತು. ಇಷ್ಟು ಭಾಗ ಬಾಯಿಪಾಠಕ್ಕೆ ಸುಲಭ.

ತಲ್ಲಿ ಮತ್ತು ಮಲ್ಲಿ

ಕುಮಾವೂನಿ ನುಡಿಯಲ್ಲಿ ‘ತಲ್ಲಿ’ ಎಂದರೆ ಕೆಳಗಿನದು, ‘ಮಲ್ಲಿ’ ಎಂದರೆ ಮೇಲಿನದು. ಈ ಅರ್ಥ ತಿಳಿದ ಮೇಲೆ ನನ್ನ ಗೊಂದಲ ಕಡಿಮೆಯಾಗುವ ಬದಲು ಹೆಚ್ಚಾಯಿತು. ನಿಂತ ನೀರಿನ ಮೇಲ್ಮೈ ಎಲ್ಲ ಕಡೆಯೂ ಒಂದೇ ಮಟ್ಟದಲ್ಲಿರುವಾಗ, ಒಂದೇ ಸರೋವರದ ಒಂದು ದಡ ಮೇಲೆ, ಇನ್ನೊಂದು ದಡ ಕೆಳಗೆ ಇರುವುದು ಹೇಗೆ ಸಾಧ್ಯ? ಮಲ್ಲಿತಾಲ್‌ನಲ್ಲಿ ದೋಣಿ ಹತ್ತಿ ತಲ್ಲಿತಾಲ್‌ನಲ್ಲಿ ಇಳಿದವನು ಒಂದು ಅಂಗುಲವೂ ಕೆಳಗಿಳಿದಿರುವುದಿಲ್ಲವಲ್ಲ ಎಂಬ ಪ್ರಶ್ನೆಯಲ್ಲೇ ಒಂದು ಸಂಜೆ ಕಳೆಯಿತು.

ಉತ್ತರ ಸಿಕ್ಕಿದ್ದು ನಮ್ಮದೇ ಮಾತಿನಲ್ಲಿ. ‘ಕೆರೆ ಕೆಳಗಿನ ಗದ್ದೆ’ ಎಂದು ನಾವು ದಿನವೂ ಹೇಳುತ್ತೇವೆ. ಕೆರೆಯ ನೀರು ಸಮತಟ್ಟಾಗಿದೆ, ಅದಕ್ಕೆ ಕೆಳಗೆಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ಹಳ್ಳ ಬಂದು ಸೇರುವ ಕಡೆ ಕೆರೆಯ ಮೇಲ್ಭಾಗ, ಏರಿ ಮತ್ತು ಕೋಡಿ ಇರುವ ಕಡೆ ಕೆಳಭಾಗ. ಇದೇ ಲೆಕ್ಕವನ್ನು ನೈನಿತಾಲಿಗೆ ಹಚ್ಚಿ, ಮನಸ್ಸಿನಲ್ಲಿಯೇ ಸರೋವರದ ನೀರನ್ನೆಲ್ಲ ಖಾಲಿ ಮಾಡಿ ನೋಡಬೇಕು. ಆಗ ಉಳಿಯುವುದು ವಾಯವ್ಯದಿಂದ ಆಗ್ನೇಯಕ್ಕೆ ಇಳಿಯುವ ಒಂದು ಕಣಿವೆ. ವಾಯವ್ಯದ ತುದಿ ಕಣಿವೆಯ ತಲೆಯಾದ್ದರಿಂದ ಅದು ಮಲ್ಲಿತಾಲ್. ಆಗ್ನೇಯದ ತುದಿಯಲ್ಲಿ ಕಣಿವೆಯ ಬಾಯಿ ಇರುವುದರಿಂದ ಅದು ತಲ್ಲಿತಾಲ್. ಹೆಚ್ಚಾದ ನೀರು ಹೊರಬೀಳುವುದೂ ತಲ್ಲಿತಾಲ್‌ನಿಂದಲೇ. ಅಲ್ಲಿ ತೂಬಿನ ಬಾಗಿಲುಗಳಿರುವ ಕಟ್ಟೆಯನ್ನು ಸ್ಥಳೀಯರು ‘ಡಾಂಠ್’ ಎನ್ನುತ್ತಾರೆ. ಅದರಾಚೆ ಬಲಿಯಾ ನಾಲಾ ಆರಂಭವಾಗಿ, ಕಡಿದಾದ ಕೊರಕಲಿನಲ್ಲಿ ಇಳಿದು ಗೌಲಾ ನದಿಯನ್ನು ಸೇರುತ್ತದೆ. ಅಲ್ಲಿಗೆ ನನ್ನ ಕಿರುದಾರಿ ಸಿದ್ಧವಾಯಿತು: ಕೋಡಿ ಎಲ್ಲಿದೆಯೋ ಅದು ತಲ್ಲಿ.

ಈ ಒಂದು ಎಳೆ ಹಿಡಿದರೆ ಊರಿನ ಉಳಿದ ನಕ್ಷೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಬಯಲಿನಿಂದ ಹತ್ತುವ ರಸ್ತೆ ಕಣಿವೆಯ ಬಾಯಿಯಿಂದ ಒಳಬರುವುದರಿಂದ ಬಸ್ ನಿಲ್ದಾಣ ತಲ್ಲಿತಾಲ್‌ನಲ್ಲಿದೆ. ನೈನಾದೇವಿ ಗುಡಿ, ‘ಫ್ಲಾಟ್ಸ್’ ಎಂಬ ಮೈದಾನ ಮತ್ತು ಸ್ನೋ ವ್ಯೂಗೆ ಹೋಗುವ ರೋಪ್‌ವೇ ಮಲ್ಲಿತಾಲ್‌ನಲ್ಲಿವೆ. ಎರಡನ್ನೂ ಜೋಡಿಸುವ ಮಾಲ್ ರೋಡ್ ಒಂದು ದಂಡೆಯಲ್ಲಿ, ಮರಗಳ ನೆರಳಿನ ಠಂಡಿ ಸಡಕ್ ಎದುರು ದಂಡೆಯಲ್ಲಿ ಸಾಗುತ್ತವೆ. ಇಲ್ಲಿ ಇನ್ನೊಂದು ಗುಂಡಿಗೆ ಬಿದ್ದದ್ದನ್ನು ಹೇಳಲೇಬೇಕು: ‘ಮಾಲ್’ಗೂ ‘ಮಲ್ಲಿ’ಗೂ ಯಾವ ನಂಟೂ ಇಲ್ಲ, ಮೊದಲನೆಯದು ಅಡ್ಡಾಡುವ ರಸ್ತೆಗೆ ಬ್ರಿಟಿಷರು ಇಟ್ಟ ಇಂಗ್ಲಿಷ್ ಹೆಸರು. ಮೇಲಿನ ಮಾಲ್ ರೋಡ್, ಕೆಳಗಿನ ಮಾಲ್ ರೋಡ್ ಎಂದು ಅದರಲ್ಲೇ ಎರಡು ಇರುವುದು ನನ್ನಂಥವರನ್ನು ಕಾಡಲಿಕ್ಕೇ ಇರಬೇಕು. ಈ ಮೇಲು ಕೆಳಗು ಕಣಿವೆಯ ಉದ್ದಕ್ಕೆ ಸೇರಿದ್ದಲ್ಲ, ಗುಡ್ಡದ ಇಳಿಜಾರಿಗೆ ಸೇರಿದ್ದು. ನೀರಿಗೆ ತಾಗಿಕೊಂಡಿರುವ ಕೆಳಗಿನ ರಸ್ತೆಯ ಒಂದು ಭಾಗ 2018ರಲ್ಲಿ ಸರೋವರಕ್ಕೆ ಕುಸಿದಿತ್ತು.

ನನ್ನ ಮೊದಲ ನಕ್ಷೆ ಪೂರ್ತಿ ಸುಳ್ಳಾಗಿರಲಿಲ್ಲವೆಂಬುದು ಕೊನೆಗೆ ತಿಳಿದು ಸ್ವಲ್ಪ ಸಮಾಧಾನವಾಯಿತು. ಮಲ್ಲಿತಾಲ್‌ಗೂ ಮೇಲೆ ನಿಜವಾಗಿಯೇ ಒಂದು ತಗ್ಗು ಇದೆ. ಮಳೆಗಾಲದಲ್ಲಿ ತುಂಬಿ ಉಳಿದ ಕಾಲದಲ್ಲಿ ಒಣಗುವುದರಿಂದ ಅದಕ್ಕೆ ಸೂಖಾತಾಲ್ ಎಂದು ಹೆಸರು. ಅಲ್ಲಿ ನಿಂತ ನೀರು ನೆಲದೊಳಗೆ ಇಂಗಿ ನೈನಿ ಸರೋವರಕ್ಕೆ ಒಸರುತ್ತದೆ.

ಫ್ಲಾಟ್ಸ್ ಬಂದ ಬಗೆ

ಕಡಿದಾದ ಗುಡ್ಡಗಳ ನಡುವೆ ಅಷ್ಟು ಸಮತಟ್ಟಾದ ಮೈದಾನ ಹೇಗೆ ಬಂತು ಎಂಬುದಕ್ಕೆ ಉತ್ತರ ದುಃಖದ್ದು. 1880ರ ಸೆಪ್ಟೆಂಬರ್ 18ರಂದು, ಬಿಡದೆ ಸುರಿದ ಮಳೆಯ ನಂತರ, ಶೇರ್ ಕಾ ಡಾಂಡಾ ಗುಡ್ಡದ ಇಳಿಜಾರು ಕುಸಿದು 151 ಜನ ಸತ್ತರು. ವಿಕ್ಟೋರಿಯಾ ಹೋಟೆಲ್ ಮತ್ತು ಹಳೆಯ ನೈನಾದೇವಿ ಗುಡಿ ನೆಲಸಮವಾದವು. ಹರಡಿಕೊಂಡ ಮಣ್ಣು ಕಲ್ಲುಗಳು ಸರೋವರದ ತಲೆಯ ಕಡೆಯನ್ನು ತುಂಬಿ, ಅಲ್ಲಿದ್ದ ಬಯಲನ್ನು ದೊಡ್ಡದು ಮಾಡಿದವು. ಮಳೆನೀರನ್ನು ಇಳಿಜಾರಿನಲ್ಲಿ ಇಂಗಗೊಡದೆ ಸರೋವರಕ್ಕೆ ಸಾಗಿಸುವ ಕಲ್ಲಿನ ಕಾಲುವೆಗಳ ಜಾಲವನ್ನು ಈ ದುರಂತದ ನಂತರ ವಿಸ್ತರಿಸಿದರು. ಇಂದು ಊರಿನಲ್ಲಿ ನಡೆಯುವಾಗ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಚರಂಡಿಗಳು ಕಂಡರೆ ಅವು ಆ ಜಾಲಕ್ಕೆ ಸೇರಿದವೆಂದು ಗುರುತಿಸಬಹುದು.

ತಾಪಮಾನದ ಲೆಕ್ಕ

ರೈಲು ಕಾಠಗೋದಾಮ್‌ನಲ್ಲಿ ಮುಗಿಯುತ್ತದೆ. ಅಲ್ಲಿಂದ ಮುಂದಿನ ಸುಮಾರು 35 ಕಿಲೋಮೀಟರ್ ರಸ್ತೆಯ ದಾರಿ. ಕಾಠಗೋದಾಮ್ ಸುಮಾರು 550 ಮೀಟರ್ ಎತ್ತರದಲ್ಲಿದ್ದು, ಏರಬೇಕಾದದ್ದು ಹತ್ತಿರ ಹತ್ತಿರ 1,400 ಮೀಟರ್. ಸಾವಿರ ಮೀಟರಿಗೆ 6.5 ಡಿಗ್ರಿಯಂತೆ ಲೆಕ್ಕ ಹಾಕಿದರೆ ಮೇಲೆ 9 ಡಿಗ್ರಿ ಸೆಲ್ಸಿಯಸ್ ಕಡಿಮೆ ಇರುತ್ತದೆ. ಸ್ವೆಟರನ್ನು ಚೀಲದ ತಳದಲ್ಲಿ ಹಾಕಬಾರದೆಂಬುದಕ್ಕೆ ಇಷ್ಟು ಗಣಿತ ಸಾಕು.

ಸುತ್ತಮುತ್ತ

ಭೀಮ್‌ತಾಲ್ ನಡುವೆ ದ್ವೀಪವಿರುವ ಸರೋವರ. ಸಾತ್‌ತಾಲ್ ಏಳು ಸರೋವರಗಳ ಗುಂಪು. ನೌಕುಚಿಯಾತಾಲ್ ಒಂಬತ್ತು ಮೂಲೆಗಳದ್ದು. ಕೊನೆಯೆರಡರ ಹೆಸರಿನಲ್ಲಿಯೂ ಸಂಖ್ಯೆ ಇದ್ದು, ಒಂದು ಸರೋವರಗಳನ್ನು, ಇನ್ನೊಂದು ಮೂಲೆಗಳನ್ನು ಎಣಿಸುತ್ತದೆ. ಪರೀಕ್ಷೆಯಲ್ಲಿ ಅದಲು ಬದಲಾಗುವುದು ಇಲ್ಲೇ. ಮೂರೂ ನೈನಿತಾಲಿಗಿಂತ ತಗ್ಗಿನಲ್ಲಿರುವುದರಿಂದ ಅಲ್ಲಿ ಚಳಿ ಕಡಿಮೆ. ಹಿಮಶಿಖರಗಳನ್ನು ನೋಡಬೇಕಾದವರು ಮಳೆಗಾಲ ಕಳೆದು ಗಾಳಿ ತಿಳಿಯಾಗುವ ಅಕ್ಟೋಬರ್, ನವೆಂಬರ್‌ನಲ್ಲಿ ಸ್ನೋ ವ್ಯೂಗೆ ಹೋಗಬೇಕು; ಅಲ್ಲಿಂದ ಕಾಣುವವುಗಳಲ್ಲಿ 7,816 ಮೀಟರ್ ಎತ್ತರದ ನಂದಾದೇವಿಯೇ ದೊಡ್ಡದು.

ಮುಕ್ತೇಶ್ವರದ ಕಡೆಯ ಹಣ್ಣಿನ ತೋಟಗಳ ನಡುವೆ ತಲ್ಲಾ ರಾಮಗಢ, ಮಲ್ಲಾ ರಾಮಗಢ ಎಂಬ ಜೋಡಿ ಊರುಗಳಿವೆ. ಹೆಸರು ಕಂಡ ಕೂಡಲೇ ನಾನು ಪೆನ್ಸಿಲ್ ಹಿಡಿದು ನಕ್ಷೆಯಲ್ಲಿ ಕೋಡಿ ಹುಡುಕಿದೆ. ಅಲ್ಲಿ ಸರೋವರವೇ ಇಲ್ಲ. ಒಂದು ಊರು ಕಣಿವೆಯ ತಳದಲ್ಲಿದೆ, ಇನ್ನೊಂದು ಅದರ ಮೇಲಿನ ಇಳಿಜಾರಿನಲ್ಲಿದೆ, ಅಷ್ಟೇ.