ಕನ್ನಡಿ ಇಲ್ಲದ ವೇದಿಕೆಯಲ್ಲಿ ಅಂಗಾಲಿನ ಕೆಲಸ

ತರಗತಿಯಲ್ಲಿ ಒಂಟಿ ಕಾಲಿನ ಭಂಗಿಯಲ್ಲಿ ಗಟ್ಟಿಯಾಗಿ ನಿಲ್ಲುವ ಹುಡುಗಿ ವೇದಿಕೆ ಏರಿದೊಡನೆ ತೂರಾಡುತ್ತಾಳೆ ಎಂಬುದು ಧಾರವಾಡದ ನನ್ನ ಫಿಸಿಯೋಥೆರಪಿ ಚಿಕಿತ್ಸಾಲಯಕ್ಕೆ ಭರತನಾಟ್ಯದ ಮಕ್ಕಳನ್ನು ಕರೆತರುವ ತಾಯಂದಿರು ಹೇಳುವ ಸಾಮಾನ್ಯ ದೂರು. ಇದನ್ನು ಎಲ್ಲರೂ ಸಭಾಕಂಪನದ ಲೆಕ್ಕಕ್ಕೆ ಸೇರಿಸಿಬಿಡುತ್ತಾರೆ. ನಾನು ಮೊದಲು ಆಕೆಯನ್ನು ಶಹಾಬಾದ್ ಕಲ್ಲಿನ ನೆಲದ ಮೇಲೆ ಬರಿಗಾಲಲ್ಲಿ, ಒಂದೇ ಕಾಲಿನ ಮೇಲೆ ನಿಲ್ಲಿಸಿ ಕಣ್ಣು ಮುಚ್ಚಲು ಹೇಳುತ್ತೇನೆ.

ಹೀಗೆ ಬಂದ 14 ವರ್ಷದ ಒಬ್ಬ ಹುಡುಗಿ ಕಣ್ಣು ತೆರೆದು ಅರ್ಧ ನಿಮಿಷ ಅಲುಗದೆ ನಿಂತಳು. ಕಣ್ಣು ಮುಚ್ಚಿ ನಾಲ್ಕು ಎಣಿಸುವಷ್ಟರಲ್ಲಿ ಕಾಲ್ಬೆರಳುಗಳು ಕಲ್ಲನ್ನು ಕಚ್ಚಿ ಹಿಡಿಯುವಂತೆ ಮಡಚಿಕೊಂಡು ತುದಿಗಳು ಬಿಳಿಚಿದವು, ಪಾದದ ಒಳಕಮಾನು ಕುಸಿಯಿತು, ಮೊಣಕಾಲು ಒಳಗೆ ವಾಲಿತು.

ಸಮತೋಲನಕ್ಕೆ ದೇಹವು ಕಣ್ಣು, ಒಳಕಿವಿ ಹಾಗೂ ಚರ್ಮ, ಸ್ನಾಯು, ಕೀಲುಗಳಿಂದ ಬರುವ ಸುದ್ದಿಯನ್ನು ನಂಬುತ್ತದೆ. ತರಗತಿಯಲ್ಲಿ ಎದುರಿಗೆ ಕನ್ನಡಿ ಇರುತ್ತದೆ. ವೇದಿಕೆಯಲ್ಲಿ ಕಣ್ಣಿಗೆ ರಾಚುವ ದೀಪ, ಅದರಾಚೆ ಕತ್ತಲೆ. ಕಣ್ಣಿನ ಆಸರೆ ತಪ್ಪಿದಾಗ ಹೊಣೆಯ ದೊಡ್ಡ ಪಾಲು ಅಂಗಾಲಿನ ಮೇಲೆ ಬೀಳುತ್ತದೆ. ಪಾದದ 26 ಎಲುಬುಗಳ ಕಮಾನನ್ನು ಹಿಡಿದಿಡಲು ಅಂಗಾಲಿನಲ್ಲಿ ನಾಲ್ಕು ಪದರಗಳಾಗಿ ಚಿಕ್ಕ ಸ್ನಾಯುಗಳಿವೆ. ದಿನವೂ ತಟ್ಟಡವು, ಅಂದರೆ ಅಂಗಾಲನ್ನು ನೆಲಕ್ಕೆ ತಟ್ಟುವ ಮೂಲ ಹೆಜ್ಜೆ, ಮಾಡಿದರೆ ಇವೂ ತಾವಾಗಿಯೇ ಪಳಗುತ್ತವೆ ಎಂಬ ಮಾತನ್ನು ನನ್ನ ಅನುಭವ ಒಪ್ಪುವುದಿಲ್ಲ. ಅಲ್ಲಿ ಪಳಗುವುದು ಬಹುಮಟ್ಟಿಗೆ ತೊಡೆ ಮತ್ತು ಮೀನಖಂಡ.

ಆದ್ದರಿಂದ ಕುರ್ಚಿಯಲ್ಲಿ ಕುಳಿತು, ಪಾದವನ್ನು ನೆಲಕ್ಕೆ ಪೂರ್ತಿ ಊರಿ, ಬೆರಳುಗಳನ್ನು ಮಡಚದೆ ಹೆಬ್ಬೆರಳಿನ ಬುಡವನ್ನು ಹಿಮ್ಮಡಿಯ ಕಡೆಗೆ ಎಳೆದುಕೊಳ್ಳಲು ಕಲಿಸುತ್ತೇನೆ. ಕಮಾನು ಮೇಲೇಳುತ್ತದೆ, ಪಾದ ತುಸು ಗಿಡ್ಡವಾಗುತ್ತದೆ. ಐದು ಎಣಿಕೆ ಹಿಡಿದು ಬಿಡಬೇಕು. ಹತ್ತು ಬಾರಿ ಸಾಕು. ನೆಲದ ಮೇಲಿನ ಟವೆಲನ್ನು ಬೆರಳಿನಿಂದ ಮುದುಡುವ ಹಳೆಯ ವ್ಯಾಯಾಮವನ್ನು ನಾನು ಕೈಬಿಟ್ಟಿದ್ದೇನೆ, ಏಕೆಂದರೆ ಅದರಲ್ಲಿ ಮೀನಖಂಡದಿಂದ ಇಳಿದುಬರುವ ಉದ್ದ ಸ್ನಾಯುಗಳೇ ಹೆಚ್ಚು ದುಡಿಯುತ್ತವೆ, ಮತ್ತು ಈ ಮಕ್ಕಳಿಗೆ ಬೆರಳು ಮಡಚುವುದನ್ನು ಬೇರೆ ಕಲಿಸಬೇಕಾಗಿಲ್ಲ. ಕುಳಿತು ಸಲೀಸಾದ ಮೇಲೆ ನಿಂತು, ಆಮೇಲೆ ಒಂಟಿ ಕಾಲಿನಲ್ಲಿ, ಕೊನೆಗೆ ಗೋಡೆಯ ಪಕ್ಕದಲ್ಲಿ ಕಣ್ಣು ಮುಚ್ಚಿ ಇದನ್ನೇ ಮಾಡಬೇಕು.

ಮೊಣಕಾಲುಗಳನ್ನು ಹೊರಕ್ಕೆ ಬಾಗಿಸಿ ಅರ್ಧ ಕುಳಿತಂತೆ ನಿಲ್ಲುವ ಅರೆಮಂಡಿಯನ್ನೂ ನೋಡಲೇಬೇಕು. ಕಾಲು ಹೊರಳಬೇಕಾದದ್ದು ಸೊಂಟದ ಕೀಲಿನಿಂದ. ಅಲ್ಲಿ ಹೊರಳದಿದ್ದರೂ ಪಾದವನ್ನು ಮಾತ್ರ ಹೊರಗೆ ತಿರುಗಿಸಿದರೆ ಕಮಾನು ಒಳಕ್ಕೆ ಮಗುಚಿ ಮೊಣಕಾಲು ತಿರುಚಿಕೊಳ್ಳುತ್ತದೆ. ಮಂಡಿಚಿಪ್ಪು ಎರಡನೆಯ ಬೆರಳಿನ ನೇರಕ್ಕೆ ಬರುವಷ್ಟೇ ಪಾದ ತೆರೆಯಲಿ. ನೋಡುವವರಿಗೆ ಅದು ಕಡಿಮೆ ಎನಿಸಬಹುದು. ಮೊಣಕಾಲಿನ ಕೆಳಗಿನ ಎಲುಬಿನಲ್ಲಿ ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ ನೋವಿದ್ದರೆ ವ್ಯಾಯಾಮವೂ ಬೇಡ, ಅಡವೂ ಬೇಡ; ಎಲುಬಿನಲ್ಲಿ ಸಣ್ಣ ಬಿರುಕಿರಬಹುದಾದ್ದರಿಂದ ಮೊದಲು ಮೂಳೆ ವೈದ್ಯರಿಗೆ ತೋರಿಸಬೇಕು.

ಗೆಜ್ಜೆ ಕಟ್ಟುವ ಮುನ್ನ ದಿನಕ್ಕೆ ಹತ್ತು ನಿಮಿಷ ಈ ಅಭ್ಯಾಸ ಮಾಡಿದ ಆ ಹುಡುಗಿ ಏಳನೆಯ ವಾರದಲ್ಲಿ, ಕಣ್ಣು ಮುಚ್ಚಿ ಬಲಗಾಲಿನ ಮೇಲೆ ಹದಿನೈದು ಎಣಿಸುವವರೆಗೆ ಬೆರಳು ಮಡಚದೆ ನಿಂತಳು. ಎಡಗಾಲು ಇನ್ನೂ ಎಂಟಕ್ಕೇ ತಡವರಿಸುತ್ತಿದೆ.