ಮೊದಲು ಒತ್ತಕ್ಷರ ನೋಡಿ, ಆಮೇಲೆ ಹರ್ಟ್ಸ್

ಕಂಪ್ಯೂಟರ್ ಜೋಡಿಸಿಕೊಡುವುದು ನನ್ನ ಕೆಲಸ. ಪ್ರೊಸೆಸರ್ ಯಾವುದು ಅಂತ ಜನ ವಾರಗಟ್ಟಲೆ ಚರ್ಚೆ ಮಾಡುತ್ತಾರೆ, ಗ್ರಾಫಿಕ್ಸ್ ಕಾರ್ಡ್ ವಿಷಯಕ್ಕೆ ಅಣ್ಣತಮ್ಮಂದಿರು ನನ್ನೆದುರೇ ಜಗಳ ಆಡಿದ್ದೂ ಉಂಟು. ಮಾನಿಟರ್ ಸರದಿ ಬಂದಾಗ ಮಾತ್ರ, ‘ಉಳಿದ ದುಡ್ಡಿಗೆ ಯಾವುದು ಬರುತ್ತೋ ಅದು ಹಾಕಿ ಸರ್’. ಮಿಕ್ಕ ಭಾಗಗಳು ನಾಲ್ಕೈದು ವರ್ಷಕ್ಕೆ ಹಳತಾಗಿ ಬದಲಾಗುತ್ತವೆ. ಮಾನಿಟರ್ ಮಾತ್ರ ಅದೇ ಮೇಜಿನ ಮೇಲೆ ಕೂತಿರುತ್ತದೆ, ಕಣ್ಣು ಅದನ್ನೇ ನೋಡುತ್ತಿರಬೇಕು.

ಹಗಲೆಲ್ಲ ಆಫೀಸ್ ಕೆಲಸ, ರಾತ್ರಿ ಒಂದಿಷ್ಟು ಗೇಮ್, ಭಾನುವಾರ ಸಿನಿಮಾ. ಮೂರಕ್ಕೂ ಒಂದೇ ಪರದೆ ಬೇಕು ಅನ್ನುವವರೇ ಈಗ ಹೆಚ್ಚು. ಅಂಥವರಿಗೆ ನಾನು ಕೇಳುವ ಮೊದಲ ಪ್ರಶ್ನೆ, ದಿನಕ್ಕೆ ಎಷ್ಟು ಹೊತ್ತು ಅಕ್ಷರ ಓದುತ್ತೀರಿ ಅಂತ. ಎಂಟು ಗಂಟೆ ಎಕ್ಸೆಲ್, ಇಮೇಲ್, ಕೋಡ್ ನೋಡುವವರು ಒಂದೂವರೆ ಗಂಟೆಯ ಆಟವನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಾನಿಟರ್ ಆರಿಸುವುದು ನನಗಂತೂ ಸರಿ ಕಾಣುವುದಿಲ್ಲ.

ಅಕ್ಷರದ ವಿಷಯಕ್ಕೆ ಬಂದರೆ, ಪರದೆ ಎಷ್ಟು ಇಂಚು ಅನ್ನುವುದಕ್ಕಿಂತ ಒಂದು ಇಂಚಿನಲ್ಲಿ ಎಷ್ಟು ಪಿಕ್ಸೆಲ್ (ಚಿತ್ರ ಮೂಡಿಸುವ ಚುಕ್ಕೆ) ಇದೆ ಅನ್ನುವುದು ಮುಖ್ಯ. 24 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಿ ಇಂಚಿಗೆ ಸುಮಾರು 92 ಪಿಕ್ಸೆಲ್. ಅದೇ 1920×1080 ಅನ್ನು 27 ಇಂಚಿಗೆ ಎಳೆದರೆ 82ಕ್ಕೆ ಇಳಿಯುತ್ತದೆ. 27 ಇಂಚಿನಲ್ಲೇ 2560×1440, ಅಂದರೆ ಕ್ಯೂಎಚ್‌ಡಿ, ತೆಗೆದುಕೊಂಡರೆ 109, 4ಕೆ (3840×2160) ತೆಗೆದುಕೊಂಡರೆ 163. ಅಂಗಡಿಯಲ್ಲಿ ‘ಅಷ್ಟೇ ದುಡ್ಡಿಗೆ ದೊಡ್ಡ ಸ್ಕ್ರೀನ್’ ಅಂತ ತೋರಿಸುವುದು ಬಹುಪಾಲು ಆ 82ರ ಮಾನಿಟರನ್ನೇ.

ಇಂಗ್ಲಿಷ್ ಓದುವವರು ಅದರಲ್ಲೂ ಹೇಗೋ ಸುಧಾರಿಸುತ್ತಾರೆ. ಕನ್ನಡಕ್ಕೆ ಅದು ಸಾಲದು. ರ ಮತ್ತು ಠ ನಡುವೆ ಇರುವುದು ಒಂದೇ ಒಂದು ಚುಕ್ಕೆ. ಧ ಮತ್ತು ಥ ನಡುವೆಯೂ ಅಷ್ಟೇ. ದ ಹೋಗಿ ಧ ಆಗುವುದು ಅಡಿಯಲ್ಲಿನ ಪುಟ್ಟ ಗೀಟಿನಿಂದ. ಇದು ಸಾಲದೆಂಬಂತೆ ಒತ್ತು, ಒತ್ತಿನ ಕೆಳಗೆ ಇನ್ನೊಂದು ಒತ್ತು. ವಿಂಡೋಸ್‌ನಲ್ಲಿ ಸ್ಕೇಲಿಂಗ್ (ಅಕ್ಷರ, ಚಿತ್ರಗಳನ್ನು ಹಿಗ್ಗಿಸುವ ಸೆಟ್ಟಿಂಗ್) ಶೇ 100 ಇದ್ದಾಗ 11 ಪಾಯಿಂಟಿನ ಅಕ್ಷರಕ್ಕೆ ಸಿಗುವುದು ಹೆಚ್ಚುಕಡಿಮೆ 15 ಪಿಕ್ಸೆಲ್ ಎತ್ತರ. ‘ಸ್ತ್ರೀ’, ‘ಲಕ್ಷ್ಮಿ’ ತರಹದ ಪದಗಳು ತಲೆಕಟ್ಟಿನಿಂದ ಕೊನೆಯ ಒತ್ತಿನವರೆಗೆ ಅಷ್ಟರಲ್ಲೇ ಹೊಂದಿಕೊಳ್ಳಬೇಕು.

ಮದುವೆ ಪತ್ರಿಕೆ, ಕರಪತ್ರಗಳ ಡಿಟಿಪಿ ಮಾಡುವ ಒಬ್ಬರು ಇದೇ ತೊಂದರೆ ಹೇಳಿಕೊಂಡು ಬಂದಿದ್ದರು. ‘ಪ್ರೂಫ್ ನೋಡುವಾಗ ಥ ಯಾವ್ದು ಧ ಯಾವ್ದು ಅಂತ ಗೊತ್ತೇ ಆಗಲ್ಲ ಸರ್, ಪ್ರತಿ ಸಲ ಪ್ರಿಂಟ್ ತೆಗೆದೇ ನೋಡ್ಬೇಕು’. ಅವರ ಮೇಜಿನ ಮೇಲಿದ್ದದ್ದು 27 ಇಂಚಿನ ಫುಲ್ ಎಚ್‌ಡಿ. ಝೂಮ್ ಮಾಡಿಕೊಂಡರೆ ಚುಕ್ಕೆ ಕಾಣುತ್ತಿತ್ತು, ಆದರೆ ಆಗ ಪುಟ ಪೂರ್ತಿ ಕಾಣುತ್ತಿರಲಿಲ್ಲ. ಅದೇ ಅಳತೆಯ 4ಕೆ ಹಾಕಿ ಸ್ಕೇಲಿಂಗ್ ಶೇ 150ಕ್ಕೆ ಇಟ್ಟುಕೊಟ್ಟೆ. ಅದೇ ಅಕ್ಷರಕ್ಕೆ ಈಗ 22 ಪಿಕ್ಸೆಲ್. ಪ್ರಿಂಟ್ ತೆಗೆಯುವುದು ಪೂರ್ತಿ ನಿಲ್ಲಲಿಲ್ಲ, ಕಡೆಯ ಪ್ರೂಫಿಗೆ ಮಾತ್ರ ಅಂತಾಗಿದೆ.

ಹಾಗಾಗಿ ಅಂಗಡಿಗೆ ಹೋಗುವಾಗ ಪೆನ್‌ಡ್ರೈವಿನಲ್ಲಿ ನಿಮ್ಮದೇ ಒಂದು ಕನ್ನಡ ಪಿಡಿಎಫ್ ಒಯ್ಯಿರಿ. ಅಲ್ಲಿ ಓಡುತ್ತಿರುವ ಗಿಳಿ, ಜಲಪಾತದ ವಿಡಿಯೊ ಯಾವ ಪರದೆಯಲ್ಲೂ ಚೆನ್ನಾಗಿಯೇ ಕಾಣುತ್ತದೆ. ಕಪ್ಪು ಹಿನ್ನೆಲೆಯ ಮೇಲೆ ಕೆಂಪು ಅಕ್ಷರಗಳ ಒಂದು ಸಾಲನ್ನೂ ಇಟ್ಟುಕೊಂಡಿರಿ. ಅದು ಕಲಸಿಕೊಂಡಂತೆ ಕಂಡರೆ ಬಣ್ಣದ ಮಾಹಿತಿ ಪೂರ್ತಿ ಬರುತ್ತಿಲ್ಲ ಅಂತ ಅರ್ಥ. ಹೆಚ್ಚಿನ ಸಲ ತಪ್ಪು ಪರದೆಯದಲ್ಲ, ಕೇಬಲಿನದೋ ಸೆಟ್ಟಿಂಗಿನದೋ ಆಗಿರುತ್ತದೆ. 4ಕೆ ಮಾನಿಟರಿಗೆ ಹಳೆಯ ಎಚ್‌ಡಿಎಂಐ 1.4 ಪೋರ್ಟಿನಿಂದ ಸಂಪರ್ಕ ಕೊಟ್ಟರೆ ಸೆಕೆಂಡಿಗೆ 30 ಚಿತ್ರವಷ್ಟೇ ಬರುತ್ತದೆ, ಮೌಸ್ ಬಾಣ ತಡವರಿಸುತ್ತದೆ. 60 ಬೇಕಾದರೆ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ ಇರಬೇಕು.

ಈಗ ಆಟ. ಹರ್ಟ್ಸ್ ಅಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಅನ್ನುವ ಲೆಕ್ಕ. 60 ಹರ್ಟ್ಸ್ ಪರದೆ ಒಂದು ಚಿತ್ರವನ್ನು 16.7 ಮಿಲಿಸೆಕೆಂಡ್ ಹಿಡಿದಿಡುತ್ತದೆ, 144 ಹರ್ಟ್ಸಿನದು 6.9, 240ರದು 4.2. ಮೊದಲ ಜಿಗಿತದಲ್ಲಿ ಹತ್ತು ಮಿಲಿಸೆಕೆಂಡಿನಷ್ಟು ಉಳಿಯುತ್ತದೆ, ಎರಡನೆಯದರಲ್ಲಿ ಮೂರೂ ಇಲ್ಲ. ಟೂರ್ನಮೆಂಟ್ ಆಡುವವರಿಗೆ ಆ ಮೂರೂ ಬೇಕಾದೀತು. ಉಳಿದವರು ಆ ದುಡ್ಡನ್ನು ರೆಸೊಲ್ಯೂಷನ್ನಿಗೆ ಹಾಕುವುದು ಒಳ್ಳೆಯದು. ಸೆಕೆಂಡಿಗೆ ಅಷ್ಟು ಫ್ರೇಮ್ (ಚಿತ್ರ) ಕೊಡುವ ಗ್ರಾಫಿಕ್ಸ್ ಕಾರ್ಡ್ ಇದೆಯೇ ಅನ್ನುವುದು ಬೇರೆ ಪ್ರಶ್ನೆ.

ಪಿಕ್ಸೆಲ್ ಬಣ್ಣ ಬದಲಿಸಲು ಹಿಡಿಯುವ ಹೊತ್ತು ಅಂತ ಪೆಟ್ಟಿಗೆಯ ಮೇಲೆ ಬರೆದ ‘1 ಎಂಎಸ್’ (ಒಂದು ಮಿಲಿಸೆಕೆಂಡ್) ನಂಬಿ ಕೊಳ್ಳಬೇಡಿ. ಕೆಲವು ಕಂಪನಿಯವರು ಪರದೆಯ ಹಿಂಬದಿಯ ದೀಪವನ್ನು ಮಿಟುಕಿಸಿ ಆ ಅಂಕಿ ತೋರಿಸುತ್ತಾರೆ, ಆಗ ಬೆಳಕೂ ಕುಗ್ಗುತ್ತದೆ. ಇನ್ನು ಕೆಲವರು ಓವರ್‌ಡ್ರೈವನ್ನು (ಪಿಕ್ಸೆಲ್ ಬೇಗ ಬದಲಾಗುವಂತೆ ಮಾಡುವ ಸೆಟ್ಟಿಂಗ್) ಕೊನೆಯ ಹಂತಕ್ಕೆ ಏರಿಸಿರುತ್ತಾರೆ, ಆಗ ಓಡುವ ವಸ್ತುವಿನ ಹಿಂದೆ ಬಿಳಿ ನೆರಳೊಂದು ಹಿಂಬಾಲಿಸುತ್ತದೆ. ‘ಟೆಸ್ಟ್‌ಯುಎಫ್‌ಒ’ ಅನ್ನುವ, ಚಲನೆ ಪರೀಕ್ಷಿಸುವ ವೆಬ್ ಪುಟ ತೆರೆದು ನೋಡುತ್ತಾ ಆ ಸೆಟ್ಟಿಂಗನ್ನು ಮಧ್ಯದ ಹಂತಕ್ಕೆ ಇಟ್ಟುಕೊಂಡರೆ ಸಾಕು. ವಿಎ ಪ್ಯಾನಲ್ (ಒಂದು ಬಗೆಯ ಎಲ್‌ಸಿಡಿ ಪರದೆ) ಆದರೆ ಆಟದ ಕತ್ತಲೆಯ ದೃಶ್ಯದಲ್ಲಿ ಕ್ಯಾಮೆರಾ ತಿರುಗಿಸಿ ನೋಡಿ. ಅಗ್ಗದವುಗಳಲ್ಲಿ ಕಪ್ಪು ಬಣ್ಣ ಮಸಿ ಬಳಿದಂತೆ ಎಳೆದುಕೊಂಡು ಹೋಗುತ್ತದೆ.

ಗಿರಾಕಿಗಳ ಮನೆಗೆ ಹೋದಾಗ ನಾನು ಮೊದಲು ತೆರೆಯುವುದು ವಿಂಡೋಸ್‌ನ ಅಡ್ವಾನ್ಸ್ಡ್ ಡಿಸ್‌ಪ್ಲೇ ಸೆಟ್ಟಿಂಗ್. 144 ಹರ್ಟ್ಸಿಗೆ ದುಡ್ಡು ಕೊಟ್ಟು ತಂದದ್ದು ಅಲ್ಲಿ 60ರಲ್ಲೇ ಓಡುತ್ತಿರುತ್ತದೆ. ಬದಲಾಯಿಸಲು ಅರ್ಧ ನಿಮಿಷ ಬೇಕು, ಅಷ್ಟಕ್ಕೆ ನನಗೆ ಕಾಫಿ ಸಿಗುತ್ತದೆ.

ಸಿನಿಮಾಕ್ಕೆ ಬೇಕಾದದ್ದು ಕಪ್ಪು. ಐಪಿಎಸ್ ಅನ್ನುವುದು ಇನ್ನೊಂದು ಬಗೆಯ ಎಲ್‌ಸಿಡಿ. ಸಾಮಾನ್ಯ ಐಪಿಎಸ್ ಪ್ಯಾನಲಿನ ಕಾಂಟ್ರಾಸ್ಟ್, ಅಂದರೆ ಬಿಳಿಗೂ ಕಪ್ಪಿಗೂ ಇರುವ ಬೆಳಕಿನ ಅನುಪಾತ, ಸುಮಾರು 1000:1, ವಿಎ 3000:1ರ ಆಸುಪಾಸು ಅಥವಾ ಮೇಲೆ. ಒಎಲ್‌ಇಡಿಯಲ್ಲಿ ಹಿಂಬದಿಯ ದೀಪ ಇರುವುದಿಲ್ಲ, ಕಪ್ಪು ಬೇಕಾದಲ್ಲಿ ಪಿಕ್ಸೆಲ್ಲೇ ಆರಿಹೋಗುತ್ತದೆ. ಕೋಣೆಯ ದೀಪ ಆರಿಸಿ ಸ್ಕೋಪ್ (ಹೆಚ್ಚು ಅಗಲದ) ಸಿನಿಮಾ ಹಾಕಿದರೆ ಐಪಿಎಸ್‌ನಲ್ಲಿ ಮೇಲೆ ಕೆಳಗಿನ ಪಟ್ಟಿಗಳು ಬೂದಿಯ ಬಣ್ಣದಲ್ಲಿ ಕಾಣುತ್ತವೆ. ಮಾನಿಟರಿನ ಹಿಂದೆ ಒಂದು ಸಣ್ಣ ದೀಪ ಹಚ್ಚಿಟ್ಟರೆ ಅರ್ಧ ಸಮಸ್ಯೆ ಪರಿಹಾರ. ಇನ್ನೊಂದು ಸಂಗತಿ, ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ. 60 ಅನ್ನು 24ರಿಂದ ಭಾಗಿಸಿದರೆ ಶೇಷ ಉಳಿಯುತ್ತದೆ, ಅದಕ್ಕೇ ಕ್ಯಾಮೆರಾ ನಿಧಾನವಾಗಿ ತಿರುಗುವಾಗ ಚಿತ್ರ ಕುಂಟುತ್ತದೆ. 120, 144 ಎರಡೂ ಸರಿಯಾಗಿ ಭಾಗವಾಗುತ್ತವೆ.

ಎಚ್‌ಡಿಆರ್ (ಬೆಳಕು, ಕತ್ತಲೆಗಳ ವ್ಯತ್ಯಾಸವನ್ನು ಹೆಚ್ಚು ತೋರಿಸುವ ಚಿತ್ರವಿಧಾನ) ಸ್ಟಿಕ್ಕರಿಗೆ ನಾನು ಒಂದು ರೂಪಾಯಿಯನ್ನೂ ಹೆಚ್ಚು ಕೊಡಿಸುವುದಿಲ್ಲ. ‘ಎಚ್‌ಡಿಆರ್10 ಸಪೋರ್ಟ್’ ಅಂದರೆ ಸಿಗ್ನಲ್ ಒಳಗೆ ಬಿಟ್ಟುಕೊಳ್ಳುತ್ತದೆ ಅಂತಷ್ಟೇ. ಪರದೆಗಳ ಮಾನದಂಡ ರೂಪಿಸುವ ವೆಸಾ ಸಂಸ್ಥೆ 2017ರಲ್ಲಿ ತಂದ ಡಿಸ್‌ಪ್ಲೇಎಚ್‌ಡಿಆರ್ ದರ್ಜೆಗಳಲ್ಲಿ 400 ಅನ್ನುವುದು ಕೆಳಗಿನ ಮೆಟ್ಟಿಲು, ಅದಕ್ಕೆ ಹಿಂಬದಿಯ ಬೆಳಕನ್ನು ಭಾಗಭಾಗವಾಗಿ ನಿಯಂತ್ರಿಸುವ ವ್ಯವಸ್ಥೆಯೇ ಬೇಕಿಲ್ಲ.

ಹಾಗಾದರೆ ಒಎಲ್‌ಇಡಿಯನ್ನೇ ತೆಗೆದುಕೊಂಡರೆ? ಆಟಕ್ಕೂ ಸಿನಿಮಾಕ್ಕೂ ಅದಕ್ಕೆ ಸಾಟಿಯಿಲ್ಲ. ಆದರೆ ದಿನವಿಡೀ ಟಾಸ್ಕ್‌ಬಾರ್, ಟ್ಯಾಲಿಯ ಮೆನು ಒಂದೇ ಜಾಗದಲ್ಲಿ ನಿಂತಿದ್ದರೆ ಅದರ ಗುರುತು ಕಾಯಂ ಆಗಿ ಉಳಿಯುವ (ಬರ್ನ್-ಇನ್) ಅಪಾಯವಿದೆ. ಮೇಲಾಗಿ ಹಲವು ಒಎಲ್‌ಇಡಿಗಳಲ್ಲಿ ಕೆಂಪು, ಹಸಿರು, ನೀಲಿಯ ಜೋಡಣೆ ಮಾಮೂಲಿ ಪರದೆಯ ಹಾಗಿರುವುದಿಲ್ಲ, ಅಕ್ಷರದ ಅಂಚಿನಲ್ಲಿ ಬಣ್ಣದ ಗೆರೆ ಮೂಡುತ್ತದೆ. ನಮ್ಮ ಒತ್ತಕ್ಷರಕ್ಕೆ ಅದೂ ಒಂದು ಕಾಟ. ಕೊಳ್ಳುವುದೇ ಆದರೆ ವಾರಂಟಿಯಲ್ಲಿ ಬರ್ನ್-ಇನ್ ಸೇರಿದೆಯೇ ಅಂತ ಬರವಣಿಗೆಯಲ್ಲಿ ನೋಡಿಕೊಳ್ಳಿ.

ಮೂರೂ ಬೇಕು ಅನ್ನುವವರಿಗೆ ನನ್ನ ಸಲಹೆ 27 ಇಂಚು, ಕ್ಯೂಎಚ್‌ಡಿ, ಐಪಿಎಸ್, 144 ಹರ್ಟ್ಸ್ ಅಥವಾ ಅದರ ಆಸುಪಾಸು. ಕನ್ನಡದಲ್ಲೇ ದಿನವಿಡೀ ಕೆಲಸ ಮಾಡುವವರು 4ಕೆಗೆ ಹೋಗಲಿ, ಹರ್ಟ್ಸ್ ಕಡಿಮೆಯಾದರೂ ಪರವಾಗಿಲ್ಲ. ಸ್ಟ್ಯಾಂಡ್ ಮೇಲೆ ಕೆಳಗೆ ಆಗಬೇಕು, ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರಬೇಕು. ಹಿಂದೆ 100 ಮಿಲಿಮೀಟರಿನ ವೆಸಾ ತೂತುಗಳಿದ್ದರೆ ಮುಂದೆ ಯಾವಾಗಲಾದರೂ ಮಾನಿಟರ್ ಹಿಡಿಯುವ ತೋಳು ಹಾಕಿಸಬಹುದು.

ಮನೆಗೆ ತಂದ ಮೇಲೆ ಅರ್ಧ ಗಂಟೆ ಚಾಲೂ ಇಟ್ಟು, ಪರದೆಯ ಬೆಳಕನ್ನು ಕಡಿಮೆ ಮಾಡಿ. ಪಕ್ಕದಲ್ಲಿ ಬಿಳಿ ಹಾಳೆ ಹಿಡಿದಾಗ ಪರದೆಯ ಬಿಳುಪು ಅದಕ್ಕೆ ಹೊಂದಬೇಕು. ಪರದೆಯ ಬೆಳಕನ್ನು ಅಷ್ಟಕ್ಕೇ ಇಟ್ಟು ಕತ್ತಲೆ ಕೋಣೆಯಲ್ಲಿ ಕಪ್ಪು ಚಿತ್ರ ಹಾಕಿ ಮೂಲೆಗಳಿಂದ ಬೆಳಕು ಸೋರುತ್ತಿದೆಯೇ ನೋಡಿ. ಬರಿಗಣ್ಣಲ್ಲೇ ನೋಡಿ, ಫೋನಿನ ಫೋಟೊ ಇದ್ದದ್ದಕ್ಕಿಂತ ಹೆಚ್ಚು ಮಾಡಿ ತೋರಿಸುತ್ತದೆ. ಆಮೇಲೆ ಕೆಂಪು, ಹಸಿರು, ನೀಲಿ, ಬಿಳಿ ಒಂದೊಂದಾಗಿ ಹಾಕಿ ಸತ್ತ ಪಿಕ್ಸೆಲ್ ಹುಡುಕಿ. ವಾಪಸ್ ಮಾಡುವ ಗಡುವು ಮುಗಿಯುವ ಮುಂಚೆಯೇ ಇದೆಲ್ಲ ಆಗಬೇಕು. ಆ ಗಡುವಿನವರೆಗೆ ಪೆಟ್ಟಿಗೆ, ಒಳಗಿನ ಥರ್ಮೋಕೋಲ್ ಎರಡನ್ನೂ ಅಟ್ಟದ ಮೇಲಿಡಿ. ಅವಿಲ್ಲದೆ ಹೋದರೆ ಮಾನಿಟರ್ ಒಯ್ಯಲು ಬಂದ ಹುಡುಗ ಹಾಗೇ ವಾಪಸ್ ಹೋಗುತ್ತಾನೆ.